ಹಡಗು ಹತ್ತಿದ ಬೀಸುವ ಕಲ್ಲು

"ಬುದ್ಧಿ, ಮನೆ ಬಿಟ್ಟು ಮಠಕ್ಕೆ ಬಂದೆ. ಆದರೆ ಮನೆಯ ನೆನಪು ನನ್ನನ್ನು ಬಿಡಲಿಲ್ಲ. ದಾಸೋಹದಲ್ಲಿ ಬಡಿಸುತ್ತಿದ್ದರೂ ಮನಸ್ಸು ಅವ್ವನ ಒಲೆಯ ಮುಂದೆ ಕೂತಿರುತ್ತದೆ. ಈ ಹೊರೆಯನ್ನು ಎಲ್ಲಿ ಬಿಸಾಡಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಯುದ್ಧದ ಕಾಲ. ಗೋಧಿ ತುಂಬಿದ ಸರಕಿನ ಹಡಗೊಂದು ಬಂದರಿನಲ್ಲಿ ನಿಂತಿತ್ತು. ಬಾಂಬು ಬಿದ್ದು ಊರು ಹೊತ್ತಿಕೊಂಡಿತು. ಜನ ಹಡಗು ನಿಂತ ದಕ್ಕೆಗೆ ಓಡಿಬಂದರು. ಹಡಗಿನ ಕಪ್ತಾನ ಏಣಿ ಇಳಿಸಿದ. ಎಲ್ಲರನ್ನೂ ಹತ್ತಿಸಿಕೊಳ್ಳುತ್ತೇನೆ, ಗಂಟುಮೂಟೆ ಮಾತ್ರ ಬೇಡ ಎಂದ. ಜನ ಅಳುತ್ತಲೇ ಗಂಟುಗಳನ್ನು ದಕ್ಕೆಯ ಮೇಲಿಟ್ಟು ಹತ್ತಿದರು.

ಕೊನೆಗೆ ಬಂದವಳು ಒಬ್ಬ ಮುದುಕಿ. ಬೀಸುವ ಕಲ್ಲಿನ ಮೇಲಿನ ಹೋಳು ಅವಳ ತಲೆಯ ಮೇಲೆ, ಕೆಳಗಿನ ಹೋಳು ಸೊಸೆಯ ತಲೆಯ ಮೇಲೆ.

"ಊರೇ ಉರಿಯುತ್ತಿದೆ, ನೀನು ಕಲ್ಲು ಹೊತ್ತು ಬಂದಿದ್ದೀಯಲ್ಲ ತಾಯಿ!" ಎಂದು ಕಪ್ತಾನ ಸಿಡುಕಿದ.

"ನಮ್ಮತ್ತೆ ಕೊಟ್ಟಿದ್ದು ಕಣಪ್ಪ. ಅತ್ತಿದ್ದೂ ಇದರ ಮುಂದೆ, ಹಾಡಿದ್ದೂ ಇದರ ಮುಂದೆ. ಇದು ಬೇಡ ಅಂದ್ರೆ ನಾನೂ ಇಲ್ಲೇ ಇರ್ತೀನಿ."

ವಾದಕ್ಕೆ ಹೊತ್ತಿರಲಿಲ್ಲ. ಹಾಳಾಗಿ ಹೋಗಲಿ ಎಂದು ಕಪ್ತಾನ ಕಲ್ಲನ್ನೂ ಹತ್ತಿಸಿದ. ಗಂಟು ಬಿಟ್ಟವರು ಮುದುಕಿಯನ್ನು ಕೆಕ್ಕರಿಸಿ ನೋಡಿದರು.

ನಡುಗಡಲಿನಲ್ಲಿ ಹಡಗಿನ ದಿನಸಿ ಮುಗಿಯಿತು. ಜನ ಗೋಧಿ ಚೀಲಗಳ ಮೇಲೆಯೇ ಹಸಿದು ಕೂತಿದ್ದರು. ಬೇಯಿಸೋಣವೆಂದರೆ ಕುಡಿಯಲಿಕ್ಕೇ ನೀರು ಸಾಲದು. ಹಸಿ ಕಾಳು ಮಕ್ಕಳ ಹಲ್ಲಿಗೆ ಮುರಿಯದು. ಬೆಂಕಿಯಿಂದ ಬಿಡಿಸಿ ತಂದವರನ್ನು ಹಸಿವಿಗೆ ಕೊಡುತ್ತೇನೇನೋ ಎಂದು ಕಪ್ತಾನ ಹೆದರಿದ.

ಆಗ ಮುದುಕಿ ಜನರ ನಡುವೆ ಕಲ್ಲು ಹೂಡಿದಳು. ಹಡಗಿನ ಕಲ್ಲಿದ್ದಲಿನ ಸಲಿಕೆಯನ್ನು ಕಡಲ ನೀರಲ್ಲಿ ತೊಳೆಸಿ, ಅದರಲ್ಲೇ ಗೋಧಿ ಹುರಿಸಿ, ಬೀಸಲು ಕೂತಳು. ಹುರಿಹಿಟ್ಟು ಕಲಸಲು ಬೊಗಸೆ ನೀರು ಸಾಕಾಯಿತು. ಕೆಕ್ಕರಿಸಿದ ಹೆಂಗಸರೇ ಸರದಿಯಲ್ಲಿ ಬಂದು ಕಲ್ಲಿನ ಗೂಟ ಹಿಡಿದರು, ತಮ್ಮ ತಮ್ಮ ಊರಿನ ಪದ ಹಾಡಿದರು. ದಡ ಸೇರುವವರೆಗೆ ಕಲ್ಲು ನಿಲ್ಲಲಿಲ್ಲ. ಒಂದು ಜೀವವೂ ಹೋಗಲಿಲ್ಲ.

ಆ ಕಪ್ತಾನನಿಗೆ ವಯಸ್ಸಾಯಿತು. ಗಿರಣಿ ಹಿಟ್ಟಿನ ರೊಟ್ಟಿ ತಿನ್ನುವಾಗಲೆಲ್ಲ ಅವನ ಕಿವಿ ಕಲ್ಲಿನ ಸದ್ದನ್ನೂ ಆ ಪದಗಳನ್ನೂ ಹುಡುಕುತ್ತಿತ್ತು. ಎಂಥ ಒಳ್ಳೆಯ ದಿನಗಳವು ಎನ್ನುತ್ತಿದ್ದ. ಉಪವಾಸದ ದಿನಗಳನ್ನು ಒಳ್ಳೆಯವೆನ್ನುವ ಅಜ್ಜನನ್ನು ಕಂಡು ಮೊಮ್ಮಕ್ಕಳು ನಗುತ್ತಿದ್ದರು. ದಕ್ಕೆಯ ಮೇಲೆ ಉಳಿದ ಗಂಟುಗಳಲ್ಲಿ ಇನ್ನೇನೇನಿತ್ತೋ ಎಂದು ಅವನು ಮರುಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನೆನಪನ್ನು ಬಿಸಾಡಬಾರದೇ, ಬುದ್ಧಿ?" ಎಂದ ಶಿಷ್ಯ.

"ಕಲ್ಲು ಹೊತ್ತು ತಂದದ್ದು ಸರಿ ಮಗು, ಹಸಿದವರ ಪಂಕ್ತಿಯಲ್ಲಿ ನಿಂತೂ ನೀನು ಅದನ್ನಿನ್ನೂ ತಲೆಯಿಂದ ಇಳಿಸಿ ಬೀಸಲು ಕೂತಿಲ್ಲವಲ್ಲ?"