ತೊಳೆದ ಎಲೆ

ಶಿವನ ದಯೆಯಿಂದ ಆ ವರ್ಷ ಹೊಳೆದಂಡೆಯ ಪುಟ್ಟ ಮಠದ ಮಾವು ಮೈತುಂಬ ಹೂಬಿಟ್ಟಿತ್ತು. ಆಮೇಲೆ ಹೂಗೊಂಚಲುಗಳ ಮೇಲೆ ಬಿಳಿ ಹುಡಿ ಕಾಣಿಸಿತು. ಹೂ ಕಂದಿ ಉದುರತೊಡಗಿತು.

ಬೂದಿರೋಗ.

ಬೇಲಿಯಾಚೆ ದೇವೀರಮ್ಮನ ಸೋರೆಬಳ್ಳಿಯಿತ್ತು. ಅದರ ಎಲೆಗಳ ಮೇಲೂ ಬಿಳುಪು.

ಶಿಷ್ಯ ಷಡಕ್ಷರಿ ಎರಡನ್ನೂ ನೋಡಿದ. ಬೇಲಿಯ ಮೇಲಿಂದಲೇ ಹೇಳಿದ: “ನಿಮ್ಮ ಬಳ್ಳಿಯಿಂದಲೇ ನಮ್ಮ ಮರಕ್ಕೆ ಬಂದದ್ದು. ಕಿತ್ತುಬಿಡಿ.”

ದೇವೀರಮ್ಮ ಕುಡುಗೋಲು ಹಿಡಿದೇ ಹೊಳೆಯ ದಾರಿಯಿಂದ ಸುತ್ತಿ ಮಠಕ್ಕೆ ಬಂದಳು. ಗುರುಗಳಿಗೆ ಅಡ್ಡಬಿದ್ದಳು.

“ಬುದ್ಧಿ, ದಾಸೋಹಕ್ಕೆ ಕಾಯಿ ಕೊಡ್ತೀನಿ ಅಂತ ಹರಕೆ ಹೊತ್ತಿವ್ನಿ. ಆ ಬಳ್ಳಿ ಬಿಟ್ರೆ ನನ್ತಾವ ಇನ್ನೇನೈತೆ ಕೊಡಕ್ಕೆ? ಆದ್ರೂ ಮಠದ ಮರ ಸಾಯ್ತದೆ ಅಂದ್ರೆ ಕೊಯ್ದುಬಿಡ್ತೀನಿ. ನೀವೊಂದ್ ಮಾತು ಹೇಳಿ.”

ಗುರುಗಳು ಶಿಷ್ಯನ ಕಡೆ ತಿರುಗಿದರು. “ಎರಡೂ ಒಂದೇನಾ, ಮಗು?”

“ಕಣ್ಣಿಗೇ ಕಾಣ್ತಿದೆಯಲ್ಲ, ಬುದ್ಧಿ.”

“ಹಾಗಾದರೆ ಬಳ್ಳಿಯದೊಂದು ಎಲೆ, ಮರದ್ದೊಂದು ಹೂಗೊಂಚಲು ತಾ.”

ಗುರುಗಳ ಮುಂದಿಡುವುದಲ್ಲವೇ? ಷಡಕ್ಷರಿ ಎರಡನ್ನೂ ಪೂಜೆಯ ಪತ್ರೆಯಂತೆ ಹೊಳೆಯಲ್ಲಿ ತೊಳೆದು, ಬಾಳೆಲೆಯ ಮೇಲಿಟ್ಟು, ಭಕ್ತಿಯಿಂದ ತಂದ.

ಗುರುಗಳು ಸೋರೆಯೆಲೆಯನ್ನು ಬೆಳಕಿಗೆ ಹಿಡಿದರು. ಬಿಳುಪೆಲ್ಲ ತೊಳೆದುಹೋಗಿ ಹಚ್ಚಹಸುರಾಗಿ ಹೊಳೆಯಿತು.

“ಪೂಜೆಗೆ ಆಗ್ತದೆ. ಆದರೆ ನಾನು ಯಾರನ್ನ ಕರೆದಿದ್ದೆನೋ ಅವರನ್ನ ಹೊಳೆಗೆ ಬಿಟ್ಟು ಬಂದೆಯಲ್ಲೋ!”

ಅಷ್ಟು ಸಂಕಟದಲ್ಲೂ ದೇವೀರಮ್ಮನಿಗೆ ನಗು ಬಂತು. “ನಮ್ಮ ಮರಿದೇವ್ರು ಹೊಗೆ ತತ್ತಾ ಅಂದ್ರೂ ತೊಳ್ದೇ ತರ್ತಾರೆ, ಬುದ್ಧಿ.” ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು. “ಹಸ ಕಾಯ್ತಾ ಅದೆ. ಹೊತ್ತು ಮುಳುಗೋಗಂಟ ನೋಡ್ತೀನಿ. ಹೇಳಿ ಕಳ್ಸದಿದ್ರೆ ಕೊಯ್ದುಬಿಡ್ತೀನಿ. ಮಠದ ಪಾಪ ನಂಗ್ಬ್ಯಾಡ.”

ಷಡಕ್ಷರಿ ಮತ್ತೆ ಹೋದ. ಈ ಸಲ ಉಸಿರು ತಾಗದಂತೆ ಹಿಡಿದು ತಂದ.

ಕಾಲೇಜಿನಲ್ಲಿ ಪಾಠ ಹೇಳಿದ್ದ ಭಕ್ತರೊಬ್ಬರು ಮಠಕ್ಕೆ ಕೊಟ್ಟಿದ್ದ ಹಳೆಯ ಸೂಕ್ಷ್ಮದರ್ಶಕವನ್ನು ಗುರುಗಳು ಕಿಟಕಿಯ ಬಳಿ ಇಟ್ಟರು. ಸೋರೆಯೆಲೆಯ ಒಂದು ಚೂರನ್ನು ಗಾಜಿನ ಮೇಲಿರಿಸಿದರು.

“ಏನು ಕಾಣ್ತದೆ?”

“ಏನಿಲ್ಲ, ಬುದ್ಧಿ. ಮಂಜು.”

“ತಿರುಪು ತಿರುಗಿಸು.”

ತಿರುಗಿಸಿದ. ಹಾಗೇ ನಿಂತುಬಿಟ್ಟ.

“ಸರ! ಬುದ್ಧಿ, ಜಪದ ಸರ! ಒಂದರ ಮೇಲೊಂದು ಗಾಜಿನ ಮಣಿ… ಇದು ರೋಗವಾ? ಇಷ್ಟು ಚಂದ ಇರ್ತದಾ?”

“ಅದೂ ಶಿವ ಮಾಡಿದ್ದೇ ಅಲ್ಲವಾ. ಈಗ ಮಾವಿನದು ನೋಡು.”

ಷಡಕ್ಷರಿ ಬಹಳ ಹೊತ್ತು ನೋಡಿದ. “ಇಲ್ಲಿ ಸರವಿಲ್ಲ. ಒಂದೊಂದು ಕಡ್ಡಿಯ ತುದಿಗೆ ಒಂದೊಂದೇ ಮಣಿ.”

ಮತ್ತೆ ಸೋರೆ ನೋಡಿದ. ಮತ್ತೆ ಮಾವು.

“ಇವು ಬೇರೆ ಬೇರೆ ಬೂಷ್ಟು, ಬುದ್ಧಿ!”

“ಹೌದು. ಸೋರೆಯದು ಸೋರೆಯ ಬಳಗದಲ್ಲಿ ಉಣ್ಣುತ್ತದೆ. ಮಾವಿನ ಮೇಲೆ ಬಿದ್ದರೆ ಅದಕ್ಕೆ ಉಪವಾಸ. ಇಷ್ಟು ಸಣ್ಣದಕ್ಕೂ ಶಿವ ಅದರದೇ ತಟ್ಟೆ ಹಾಕಿಟ್ಟಿದ್ದಾನೆ.”

“ಗುಲಾಬಿ ಗಿಡದ ಮೇಲೂ ಬಿಳುಪಿದೆ. ಅದು ಸರವೋ, ಒಂಟಿಯೋ? ತರಲಾ? ಬಟಾಣಿಯದು? ಎಲೆಯ ಅಡಿಯಲ್ಲೂ ನೋಡಲಾ?”

“ನೋಡುವೆಯಂತೆ. ಹೊತ್ತು ಮುಳುಗ್ತಾ ಇದೆ.”

ಷಡಕ್ಷರಿಯ ಮುಖ ಇಳಿಯಿತು. ಕುಡುಗೋಲು ನೆನಪಾಯಿತು.

“ನೀವೇ ಯಾರನ್ನಾದರೂ ಕಳಿಸಬಾರದೇ, ಬುದ್ಧಿ?”

“ಕೀಳು ಅಂದವನು ಯಾರು?”

“ಮತ್ತೆ… ನಮ್ಮ ಮರ?”

“ಮರಕ್ಕೆ ಗಂಧಕದ ಪುಡಿ ಇದೆ, ನಾಳೆ ಹಾಕೋಣ. ಬಳ್ಳಿಗೆ ಈಗ ನೀನೊಬ್ಬನೇ.”

ಷಡಕ್ಷರಿ ಬಾಗಿಲವರೆಗೆ ಹೋಗಿ ನಿಂತ. “‘ಮಠದವರು ದೊಡ್ಡ ಮನಸ್ಸು ಮಾಡಿ ನಿಮ್ಮ ಬಳ್ಳಿಯನ್ನು ಉಳಿಸಿದ್ದಾರೆ’ ಅಂತ ಹೇಳ್ತೀನಿ. ಸರಿಯಲ್ಲವಾ?”

ಗುರುಗಳು ಬಾಳೆಲೆಯ ಮೇಲೆ ಹಸುರಾಗಿ ಹೊಳೆಯುತ್ತಿದ್ದ ಮೊದಲಿನ ಎಲೆಯನ್ನು ಎತ್ತಿ ತೋರಿಸಿದರು.

ಷಡಕ್ಷರಿ ತಲೆ ತಗ್ಗಿಸಿದ. “ತಪ್ಪಿದ್ದು ನಾನು ಅಂತಲೇ ಹೇಳ್ತೀನಿ, ಬುದ್ಧಿ.”

ಗುರುಗಳು ಅದನ್ನು ಅಲ್ಲೇ ಇಟ್ಟು, ಬಿಳುಪು ಮೆತ್ತಿದ್ದ ಇನ್ನೊಂದು ಎಲೆಯನ್ನು ಅವನ ಅಂಗೈಯಲ್ಲಿಟ್ಟರು.

“ಇದನ್ನ ಹಿಡಿದುಕೊಂಡು ಓಡು, ಮಗು. ದಾರಿಯಲ್ಲಿ ಹೊಳೆ ಸಿಗ್ತದೆ. ತೊಳೆಯಬೇಡ.”