ಕರಿ ಕೋಣೆಯ ಇಲಿ

ಶಿಷ್ಯನೊಬ್ಬ ಮಠದ ಅವ್ವನನ್ನು ಕೇಳಿದ: "ಅವ್ವಾ, ನಾನು ಕುಡಿಯುವುದನ್ನು ಬಿಟ್ಟಿದ್ದೇನೆ. ಆದರೂ ಸಂಜೆ ಆ ಅಂಗಡಿ ಕಡೆ ಹೆಜ್ಜೆ ಹಾಕಿದರೆ ಸಾಕು, ತವರಿಗೆ ಹೋಗುತ್ತೇನೆ ಎಂದು ಹೆಂಡತಿ ಕೂಗಾಡುತ್ತಾಳೆ. ಗೆಳೆಯರ ಜೊತೆ ಸುಮ್ಮನೆ ಕೂತು ಬಂದರೆ ತಪ್ಪೇನು?"

ಅವ್ವನಿಗೆ ಇಂಥ ಸುದ್ದಿ ಎಂದರೆ ಪ್ರಾಣ. ಕಾಲು ಮಡಚಿ ಕೂತು ಶುರು ಮಾಡಿದಳು:

"ಒಂದು ಊರಲ್ಲಿ ಒಬ್ಬ ವಿಜ್ಞಾನಿ ಇದ್ದ. ಹೆಸರು ಹೇಳುವುದಿಲ್ಲ, ಅವನ ಅತ್ತೆ ಇನ್ನೂ ಬದುಕಿದ್ದಾಳೆ. ಇಲಿಗಳಿಗೆ ಅಮಲಿನ ಮದ್ದು ಚುಚ್ಚಿ, ಅವು ಏನು ಮಾಡುತ್ತವೆ ಎಂದು ನೋಡುವುದೇ ಅವನ ಕಸುಬು. ಅದಕ್ಕೂ ಸಂಬಳ ಕೊಡುತ್ತಾರೆ. ಇವನೂ ಕುಡುಕ. ಹೆಂಡತಿ ತವರಿಗೆ ಹೊರಟು ನಿಂತಾಗ ದೇವರ ಮುಂದೆ ಆಣೆ ಇಟ್ಟು ಕುಡಿತ ಬಿಟ್ಟ. ಆದರೆ ಸಂಜೆಯಾದರೆ ಅದೇ ಅಂಗಡಿ, ಅದೇ ಬೆಂಚು. 'ಬರೀ ಸೋಡಾ ಕಣೇ' ಎನ್ನುತ್ತಿದ್ದ.

ಒಂದು ದಿನ ಹೆಂಡತಿ ಬುತ್ತಿ ಕೊಡಲು ಅವನ ಪ್ರಯೋಗಶಾಲೆಗೆ ಹೋದಳು. ಬುತ್ತಿ ಬರೀ ನೆಪ. ಅಲ್ಲಿ ಯಾರಿದ್ದಾಳೆ ಎಂದು ನೋಡಬೇಕಿತ್ತು. ಇದ್ದದ್ದು ಒಂದು ಇಲಿ. ಎರಡು ಕೋಣೆಯ ಪೆಟ್ಟಿಗೆ. ಒಂದು ಬಿಳಿ, ಒಂದು ಕರಿ, ನಡುವೆ ಬಾಗಿಲು. ಇಲಿ ಕರಿ ಕೋಣೆಯಲ್ಲಿ, ಮಾವನ ಮನೆಗೆ ಬಂದ ಅಳಿಯನ ಹಾಗೆ ಕೂತಿತ್ತು.

'ಅಲ್ಲಿ ಏನು ಕೊಡುತ್ತೀರಿ ಅದಕ್ಕೆ?'

'ಈಗ ಏನೂ ಇಲ್ಲ. ಮೊದಲು ಕರಿ ಕೋಣೆಯಲ್ಲಿ ಮದ್ದು ಚುಚ್ಚುತ್ತಿದ್ದೆ, ಬಿಳಿಯದರಲ್ಲಿ ಬರೀ ಉಪ್ಪುನೀರು. ಮದ್ದು ಮಿದುಳಿನಲ್ಲಿ ಸುಖದ ರಸ ಉಕ್ಕಿಸುತ್ತದೆ. ಈ ಗೋಡೆಗೂ ಆ ಸುಖಕ್ಕೂ ಗಂಟು ಬಿದ್ದುಬಿಟ್ಟಿದೆ. ಮದ್ದು ನಿಲ್ಲಿಸಿದರೂ, ಬಾಗಿಲು ತೆಗೆದರೆ ಇಲ್ಲಿಗೇ ಓಡುತ್ತದೆ. ಇನ್ನು ಒಂದು ಚೂರು ಮದ್ದು ತಗುಲಿದರಂತೂ ಹಳೆಯ ಚಾಳಿಯೆಲ್ಲ ವಾಪಸ್. ಪೆದ್ದು ಪ್ರಾಣಿ!'

'ಇದು ಸೋಡಾ ಕೇಳುವುದಿಲ್ಲವೇ?' ಎಂದಳು ಆಕೆ.

ವಿಜ್ಞಾನಿಗೆ ಸಿಟ್ಟು ಬಂತು. ಅದು ಇಲಿ, ತಾನು ಮನುಷ್ಯ, ಅದೂ ಎರಡು ಡಿಗ್ರಿ ಮಾಡಿದವನು. ಆ ಸಂಜೆ ಅಂಗಡಿಯಲ್ಲಿ ಕೂತು ಇಲಿಯ ದಡ್ಡತನವನ್ನು ಎಲ್ಲರಿಗೂ ವಿವರಿಸಿದ. ಗೆಳೆಯರು ನಕ್ಕು ನಕ್ಕು ಸುಸ್ತಾದರು. ಎರಡನೆಯ ಲೋಟದ ಸೋಡಾಕ್ಕೆ ಬಣ್ಣ ಬಂದಿತ್ತು, ಅಷ್ಟು ಮಾತ್ರ ಹೇಳುತ್ತೇನೆ. ಬೆಳಿಗ್ಗೆ ಹೆಂಡತಿಯ ಟ್ರಂಕು ಮೊದಲ ಬಸ್ಸಿನ ಮೇಲಿತ್ತು."

ಶಿಷ್ಯ ಎದೆ ಮುಟ್ಟಿಕೊಂಡು ಹೇಳಿದ: "ನಾನು ಸೋಡಾ ಕೂಡ ಕುಡಿಯುವುದಿಲ್ಲ ಅವ್ವಾ. ಬರೀ ಕೂತು ಎದ್ದು ಬರುತ್ತೇನೆ."

"ಇಲಿಯೂ ಬರೀ ಕೂತೇ ಇತ್ತಪ್ಪ."