ಮರುಕೂಗಿಗೆ ಕಾಯದ ನೀರಗಂಟಿ

ಗುಡ್ಡಗಾಡಿನ ಒಂದು ಪುಟ್ಟ ದೇಶ. ಅಲ್ಲಿ ನೊರೆಹೊಳೆ ಎಂಬ ನದಿ. ಹೊಳೆಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ ಒಂದು ಕಲ್ಲಿನ ಕಟ್ಟೆ ಇತ್ತು. ಅದರ ತೂಬು ಎತ್ತಿ ನೀರು ಬಿಡುವ ನೀರಗಂಟಿ ಕೆಲಸ ಮರಿಸಿದ್ದನ ಮನೆತನದ್ದು.

ಆ ಕಣಿವೆಯಲ್ಲಿ ಒಂದು ಪದ್ಧತಿ. ನೀರಗಂಟಿ ತೂಬು ಎತ್ತುವ ಮೊದಲು ಕಟ್ಟೆಯ ಮೇಲೆ ನಿಂತು, "ನೀರು ಬಿಡ್ತೀನ್ರಪ್ಪೋ!" ಎಂದು ಕೂಗಬೇಕು. ಹೊಳೆಯಲ್ಲಿ ಬಟ್ಟೆ ಒಗೆಯುವವರು, ದನ ಮೀಯಿಸುವವರು ಆ ಕೂಗನ್ನು ಒಬ್ಬರಿಂದ ಒಬ್ಬರಿಗೆ ಕೆಳಗೆ ದಾಟಿಸುತ್ತಿದ್ದರು. ಕೊನೆಯವರೂ ದಡ ಹತ್ತಿದ ಮೇಲೆ, "ಬಿಡಪ್ಪೋ!" ಎಂಬ ಮರುಕೂಗು ಅದೇ ದಾರಿಯಲ್ಲಿ ಮೇಲೆ ಬರುತ್ತಿತ್ತು. ಯಾರಾದರೂ ಇನ್ನೂ ಹೊಳೆಯಲ್ಲಿದ್ದರೆ, "ತಾಳಪ್ಪೋ!" ಎಂದು ಬರುತ್ತಿತ್ತು. ಆಗ ಕಾಯಲೇಬೇಕು. ಒಮ್ಮೆ ಹಠಮಾರಿ ಎಮ್ಮೆಯೊಂದು ನೀರಿನಿಂದ ಏಳಲಿಲ್ಲವೆಂದು ಮರಿಸಿದ್ದನ ಅಪ್ಪ ಮಧ್ಯಾಹ್ನದ ಊಟವನ್ನೇ ಬಿಟ್ಟು ಕಾದಿದ್ದ. ಊರವರು ಬಿದ್ದು ಬಿದ್ದು ನಕ್ಕರು. ಎಮ್ಮೆ ಮಾತ್ರ ಬದುಕಿಕೊಂಡಿತು.

ಹೀಗಿರುವಾಗ ಗಡಿಯಾಚೆಯ ಬಯಲುಸೀಮೆಯ ದೊಡ್ಡ ದೇಶಕ್ಕೆ ವಿದ್ಯುತ್ ಬೇಕಾಯಿತು. ಎರಡು ದೇಶದವರೂ ಕೂತು ಮಾತಾಡಿದರು. ಹಳೆಯ ಕಟ್ಟೆ ಹೋಗಿ ಆಕಾಶದೆತ್ತರದ ಅಣೆಕಟ್ಟು ಬಂತು. ಹಗಲೆಲ್ಲ ನೀರನ್ನು ತಡೆದಿಟ್ಟು, ಸಂಜೆ ಆರಕ್ಕೆ ಯಂತ್ರಗಳ ಮೂಲಕ ಬಿಡುವುದು. ಹುಟ್ಟಿದ ಕರೆಂಟು ಕಂಬದಿಂದ ಕಂಬಕ್ಕೆ ಹಾರಿ ಗಡಿ ದಾಟುವುದು. ಕಣಿವೆಯ ಊರುಗಳಿಗೂ ಮನೆಗೆರಡು ಬಲ್ಬು ಸಿಕ್ಕವು, ಸುಳ್ಳು ಹೇಳಬಾರದು.

ನೀರು ಬಿಡುವ ಗುಂಡಿ ಒತ್ತುವ ಕೆಲಸ ಮರಿಸಿದ್ದನಿಗೇ ಸಿಕ್ಕಿತು. ಖಾಕಿ ಬಟ್ಟೆ, ಟೋಪಿ, ತಿರುಗುವ ಕುರ್ಚಿ. ಕೂಗಲು ಗಂಟಲು ಬೇಡ, ಸೈರನ್ ಇತ್ತು. ಸೈರನ್ ಹಾಕಿ ಅರ್ಧ ಗಂಟೆ ಕಾಯಬೇಕೆಂದು ಗೋಡೆಯ ಮೇಲೆ ಬರೆದಿತ್ತು. ಕೆಳಗಿನ ಜನ ಮಾತ್ರ ತಮ್ಮ ಪದ್ಧತಿ ಬಿಡಲಿಲ್ಲ. ಸೈರನ್ನಿಗೂ ಮರುಕೂಗು ಕೊಡುತ್ತಿದ್ದರು! ಅದನ್ನು ಕೇಳಿಸಿಕೊಳ್ಳಲೆಂದೇ ಮರಿಸಿದ್ದ ತನ್ನ ಕೋಣೆಯ ಕಿಟಕಿ ತೆರೆದಿಡುತ್ತಿದ್ದ.

ಆದರೆ ದಿನವೂ ಸಂಜೆ ಆಚೆ ದೇಶದಿಂದ ಒಂದು ಫೋನು ಬರುತ್ತಿತ್ತು. "ಮರಿಸಿದ್ದಪ್ಪನವರೇ, ನೀವಿದ್ದೀರಿ ಅಂತ ನಮಗೆ ಚಿಂತೆಯಿಲ್ಲ" ಎನ್ನುತ್ತಿದ್ದರು ಅಲ್ಲಿಯ ಸಾಹೇಬರು. ಹುಟ್ಟಿದಾಗಿನಿಂದ "ಲೋ ಸಿದ್ದಾ" ಅನ್ನಿಸಿಕೊಂಡವನಿಗೆ ಈ "ಅಪ್ಪನವರು" ತಲೆಗೇರದೆ ಇದ್ದೀತೇ? ಅರ್ಧ ಗಂಟೆಯ ಕಾಯುವಿಕೆ ಕಾಲು ಗಂಟೆಗಿಳಿಯಿತು. ಕಾಲು ಗಂಟೆ ಐದು ನಿಮಿಷವಾಯಿತು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಹಾಗೆ.

ಒಂದು ದಿನ ನಾಲ್ಕು ಗಂಟೆಗೇ ಫೋನು ಬಂತು. "ನಮ್ಮ ರಾಜಧಾನಿಯಲ್ಲಿ ಇವತ್ತು ದೊಡ್ಡ ಉತ್ಸವ. ಊರಿಗೆಲ್ಲ ದೀಪಾಲಂಕಾರ. ಈಗಲೇ ನೀರು ಬಿಡಿ. ನಿಮ್ಮ ಸೇವೆಗೆ ಬೆಳ್ಳಿ ಪದಕ ಕೊಡಬೇಕೆಂದಿದ್ದೇವೆ, ಹೆಸರು ಕೆಡಿಸಿಕೊಳ್ಳಬೇಡಿ."

ಮರಿಸಿದ್ದ ಸೈರನ್ ಹಾಕಿದ. ಬೆರಳು ಗುಂಡಿಯ ಮೇಲೆಯೇ ಇತ್ತು. ಅಷ್ಟರಲ್ಲಿ ಕೆಳಗಿನಿಂದ, ಬಾಯಿಂದ ಬಾಯಿಗೆ ದಾಟಿ, ಕೂಗು ಬಂತು.

"ತಾಳಪ್ಪೋ!"

ಯಾವುದೋ ಎಮ್ಮೆ ಇರಬೇಕು ಎಂದುಕೊಂಡ ಮರಿಸಿದ್ದ. ಎದ್ದು ಹೋಗಿ ಕಿಟಕಿ ಮುಚ್ಚಿದ. ಬಂದು ಗುಂಡಿ ಒತ್ತಿದ.

ಹೊಳೆಯಲ್ಲಿದ್ದದ್ದು ಹೊಂಬಾಳಮ್ಮ. ಎರಡು ಮೈಲಿ ಕೆಳಗೆ ಕೊನೆಯ ಮನೆಯ ಮುದುಕಿ. ಒಣಗಿದ ಹೊಳೆಯ ನಡುವಿನ ದಿಬ್ಬದಲ್ಲಿ ಹುಲ್ಲಿತ್ತೆಂದು ತನ್ನ ಎರಡು ಮೇಕೆಗಳನ್ನು ಅಲ್ಲಿ ಕಟ್ಟಿದ್ದಳು. ಅವುಗಳಲ್ಲಿ ಒಂದು ಗಬ್ಬದ್ದು. ಸೈರನ್ ಕೇಳಿದವಳೇ "ತಾಳಪ್ಪೋ" ಎಂದು ಕೂಗಿ, ದಡದವರು ಅದನ್ನು ಮೇಲೆ ದಾಟಿಸಿದ್ದನ್ನು ಕೇಳಿಸಿಕೊಂಡು, ನಿಶ್ಚಿಂತೆಯಿಂದ ಹಗ್ಗದ ಗಂಟು ಬಿಚ್ಚುತ್ತ ಕೂತಳು. ಅವಳ ಎಪ್ಪತ್ತು ವರ್ಷದಲ್ಲಿ "ತಾಳಪ್ಪೋ" ಅಂದ ಮೇಲೆ ನೀರು ಬಂದದ್ದೇ ಇಲ್ಲ.

ಅಂದು ಬಂತು. ದಡದವರು ಹಗ್ಗ ಎಸೆದು ಮುದುಕಿಯನ್ನು ಹೇಗೋ ಎಳೆದುಕೊಂಡರು. ಮೇಕೆಗಳು ಹೋದವು.

ಸುದ್ದಿ ಕೇಳಿದ ಮರಿಸಿದ್ದನಿಗೆ ಅನ್ನ ಸೇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಅಣೆಕಟ್ಟಿನ ಬಳಿ ಶಾಮಿಯಾನ ಹಾಕಿದರು. ಆಚೆ ದೇಶದ ಸಾಹೇಬರು ಬಂದು ಅವನಿಗೆ ಶಾಲು ಹೊದಿಸಿ, ಪದಕ ತೊಡಿಸಿದರು. ಜನ ಚಪ್ಪಾಳೆ ತಟ್ಟುತ್ತಿದ್ದಾಗ ಕೈಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡ ಹೊಂಬಾಳಮ್ಮ ಕೋಲೂರಿಕೊಂಡು ಬಂದಳು. ಮರಿಸಿದ್ದ, ಎಲ್ಲರೆದುರು ಬೈಯಲು ಬಂದಳೆಂದುಕೊಂಡ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುದುಕಿ ಅವನ ಕೆನ್ನೆ ಸವರಿದಳು. "ಬೇಜಾರು ಮಾಡ್ಕೋಬೇಡ ಮಗಾ. ಜನ ಏನೇನೋ ಆಡ್ಕೋತಾರೆ. ನಂಗೊತ್ತಿಲ್ವಾ? ಗಾಳಿ ಹೊಳೆ ಕೆಳಗಡೆಗೆ ಬೀಸ್ತಿತ್ತು. ನಮ್ ಕೂಗು ನಿನ್ ಕಿವೀಗೆ ಬಿದ್ದಿರಾಕಿಲ್ಲ. ಬಿದ್ದಿದ್ರೆ ನೀನು ನೀರು ಬಿಡ್ತಿದ್ಯಾ? ನಿಮ್ಮಪ್ಪನ ಮಗ ಅಲ್ವಾ ನೀನು!"

ಸಾಹೇಬರು ಮುಗುಳ್ನಕ್ಕರು. ಜನ ಹೌದೆಂದು ತಲೆಯಾಡಿಸಿದರು. ಮರಿಸಿದ್ದ "ಹೂಂ" ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪಿಸಿಕೊಳ್ಳುವ ದಾರಿಯನ್ನು ಮುದುಕಿಯೇ ಅವನ ಕೈಗಿಟ್ಟಿದ್ದಳು. ಅವನು ಬಾಯಿ ತೆರೆದ. "ಹೂಂ" ಬರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕೇಳಿಸಿತ್ತವ್ವಾ" ಎಂದ ತಲೆ ತಗ್ಗಿಸಿ. "ಕೇಳಿಸಿತ್ತು. ಕೇಳಿಸ್ಬಾರದು ಅಂತ ಕಿಟಕಿ ಮುಚ್ದೆ."

ಹೊಂಬಾಳಮ್ಮನ ಕೈ ಅವನ ಕೆನ್ನೆಯಿಂದ ಮೆಲ್ಲಗೆ ಕೆಳಗಿಳಿಯಿತು. ಅವಳು ಸೆರಗು ಹೊದ್ದುಕೊಂಡು ಬಂದ ದಾರಿಯಲ್ಲಿ ಹೊರಟುಹೋದಳು.

ಮರುದಿನ ಮರಿಸಿದ್ದ ಪದಕವನ್ನು ವಾಪಸು ಕಳಿಸಿದ. ಕಿಟಕಿ ತೆರೆದ. ಸೈರನ್ ಹಾಕಿ, ಸಾಲದೆಂದು ತಾನೇ ಅಣೆಕಟ್ಟಿನ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದ. ಅರ್ಧ ಗಂಟೆ ಕಾದ. ಒಂದು ಗಂಟೆ ಕಾದ. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. ಕೆಳಗೆ ಜನರಿದ್ದರು. ಸೈರನ್ ಕೇಳಿದ್ದೇ ತಡ ದಡಕ್ಕೆ ಓಡಿದ್ದರು. ಆದರೆ "ಬಿಡಪ್ಪೋ" ಅನ್ನಲಿಲ್ಲ, "ತಾಳಪ್ಪೋ" ಅನ್ನಲಿಲ್ಲ. ಕೇಳಿಸಿಕೊಂಡೂ ನೀರು ಬಿಡುವವನ ಹತ್ತಿರ ಕೂಗಿ ಏನು ಫಲ?

ಅಂದಿನಿಂದ ಮರಿಸಿದ್ದ ದಿನವೂ ನೀರು ಬಿಡುವ ಮೊದಲು ಎರಡು ಮೈಲಿ ಹೊಳೆಯುದ್ದಕ್ಕೂ ನಡೆದುಹೋಗುತ್ತಾನೆ. ಹೊಳೆಯಲ್ಲಿ ಯಾರೂ ಇಲ್ಲವೆಂದು ಕಣ್ಣಾರೆ ನೋಡಿ, ಮತ್ತೆ ಎರಡು ಮೈಲಿ ಹತ್ತಿ ಬಂದು ಗುಂಡಿ ಒತ್ತುತ್ತಾನೆ. ಕೊನೆಯ ಮನೆಯ ಜಗಲಿಯಲ್ಲಿ ಹೊಂಬಾಳಮ್ಮ ಕೂತಿರುತ್ತಾಳೆ. ಅವನು ಬರುವುದು ಕಂಡರೆ ಎದ್ದು ಒಳಗೆ ಹೋಗುತ್ತಾಳೆ.

ನೀತಿ: ದೂರದವರ ಹೊಗಳಿಕೆಗಾಗಿ ಹತ್ತಿರದವರ ಕೂಗಿಗೆ ಕಿವಿ ಮುಚ್ಚಿಕೊಳ್ಳಬಾರದು. ನಮ್ಮನ್ನು ನಂಬಿದವರು ನಮ್ಮ ತಪ್ಪಿಗೂ ತಾವೇ ಒಂದು ನೆಪ ಹುಡುಕಿ ಕೊಡುತ್ತಾರೆ. ಆದರೆ ಅದು ಒಂದೇ ಒಂದು ಸಲ.